ಗೋಳಾಡಲೇ ಇಲ್ಲವಲ್ಲ ಮೇಡಂ

2025ರ ಆಸ್ಕರ್ ಪ್ರಶಸ್ತಿ ಸಮಾರಂಭ ನೋಡಲು ಸೋಮವಾರ ಬೆಳಗಿನ ಐದೂವರೆಗೇ ಎದ್ದು ಟೀವಿಯ ಮುಂದೆ ಕುಳಿತಿದ್ದೆ. ಅತ್ಯುತ್ತಮ ನಟಿಯ ಹೆಸರು ಕರೆಯುವ ಹೊತ್ತಿಗೆ ಗಂಟೆ ಒಂಬತ್ತರ ಸುಮಾರು. ಬ್ಯಾಂಕಿಗೆ ಹೊರಡಬೇಕಾದವಳು ಊಟದ ಡಬ್ಬಿ ಹಿಡಿದುಕೊಂಡು ನಡುಮನೆಯಲ್ಲೇ ನಿಂತಿದ್ದೆ. ಮೈಕಿ ಮ್ಯಾಡಿಸನ್ ಎಂದರು. ನಾನು ಕಾದಿದ್ದ ಬ್ರೆಜಿಲ್‌ನ ನಟಿ ಫರ್ನಾಂಡಾ ಟೊರೆಸ್ ಹೆಸರು ಎನ್ನಲಿಲ್ಲ. ಟೀವಿ ಆರಿಸಿ ಬಾಗಿಲಿಗೆ ಬೀಗ ಹಾಕಿದೆ.

ನಮ್ಮ ಶಾಖೆಯಲ್ಲಿ ನನ್ನಷ್ಟೇ ಸಿನಿಮಾ ಹಚ್ಚಿಕೊಂಡವರು ಇನ್ನೊಬ್ಬರಿದ್ದಾರೆ, ಪಕ್ಕದ ಕೌಂಟರಿನವರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: ‘ಆ ಟೊರೆಸ್ ಇಡೀ ಸಿನಿಮಾದಲ್ಲಿ ಒಂದು ಸಲವೂ ಗೋಳಾಡಲೇ ಇಲ್ಲವಲ್ಲ ಮೇಡಂ. ಪ್ರಶಸ್ತಿ ಹೇಗೆ ಕೊಡುತ್ತಾರೆ?’

ಅವರು ಒಳ್ಳೆಯವರು. ಯಾರಿಗೆ ಕಷ್ಟ ಬಂದರೂ ಮೊದಲು ಓಡಿಹೋಗುವವರು. ಆದರೆ ನಟನೆಯನ್ನು ಕಣ್ಣೀರಿನಲ್ಲಿ ಅಳೆಯುತ್ತಾರೆ. ‘ದ ಬ್ರೂಟಲಿಸ್ಟ್’ ಚಿತ್ರದ ಏಡ್ರಿಯನ್ ಬ್ರೋಡಿಗೆ ಪ್ರಶಸ್ತಿ ಬಂದದ್ದು ಅವರಿಗೆ ಹಬ್ಬವಾಗಿತ್ತು. ಮೂರೂವರೆ ಗಂಟೆ ದಾಟಿದ ಆ ಚಿತ್ರ, ನಡುವೆ ಹದಿನೈದು ನಿಮಿಷದ ವಿರಾಮ, ಅದರಲ್ಲಿ ಆತ ಬೆಂದು ಬೆಂಡಾಗುವ ರೀತಿ ನನಗೂ ಇಷ್ಟವೇ. ಮ್ಯಾಡಿಸನ್ ಬಗ್ಗೆಯೂ ನನಗೆ ಅಸಮಾಧಾನವಿಲ್ಲ. ‘ಅನೋರಾ’ದ ಕೊನೆಯಲ್ಲಿ ಕಾರಿನೊಳಗೆ ಅವಳು ಒಡೆದು ಅಳುವಾಗ, ಅಲ್ಲಿಯವರೆಗಿನ ಗದ್ದಲವೆಲ್ಲ ಯಾವುದನ್ನು ಮುಚ್ಚಿಡುತ್ತಿತ್ತು ಎಂಬುದು ಒಮ್ಮೆಲೇ ತಿಳಿಯುತ್ತದೆ. ನನಗೆ ಸಿಟ್ಟಿದ್ದದ್ದು ಹದಿಮೂರು ನಾಮನಿರ್ದೇಶನ ಪಡೆದ ‘ಎಮಿಲಿಯಾ ಪೆರೆಸ್’ ಮೇಲೆ. ಮೆಕ್ಸಿಕೋದಲ್ಲಿ ಸಾವಿರಾರು ಮನೆಗಳು ಕಾಣೆಯಾದವರನ್ನು ಇಂದಿಗೂ ಹುಡುಕುತ್ತಿವೆ. ಆ ನೋವನ್ನು ಅದು ಒಂದು ಹಾಡಿಗೆ ಹಿನ್ನೆಲೆ ಮಾಡಿಕೊಂಡಿತು. ಕಾಣೆಯಾದವರ ಕಥೆಯನ್ನು ಹೇಗೆ ಹೇಳಬೇಕೆಂದು ತೋರಿಸಿದ ಚಿತ್ರ ಅದೇ ಸಾಲಿನಲ್ಲಿ ಕುಳಿತಿತ್ತು.

ಅದು ವಾಲ್ಟರ್ ಸಾಲೆಸ್ ಅವರ ‘ಐ ಆಮ್ ಸ್ಟಿಲ್ ಹಿಯರ್’. 1971ರ ಜನವರಿ, ಬ್ರೆಜಿಲ್‌ನ ರಿಯೊ ಡಿ ಜನೈರೊ. ಕಡಲ ತೀರದ ಮನೆಗೆ ಸೇನಾಡಳಿತದ ಜನ ಬಂದು ಮಾಜಿ ಸಂಸದ ರೂಬೆನ್ಸ್ ಪೈವಾನನ್ನು ವಿಚಾರಣೆಗೆಂದು ಕರೆದೊಯ್ಯುತ್ತಾರೆ. ಆತ ಮರಳುವುದಿಲ್ಲ. ಹೆಂಡತಿ ಯೂನಿಸ್‌ಗೆ (ಟೊರೆಸ್ ಮಾಡಿದ್ದು ಈ ಪಾತ್ರ) ಐದು ಮಕ್ಕಳು. ಅವಳನ್ನೂ ಹನ್ನೆರಡು ದಿನ ಕೂಡಿಹಾಕಿ ಬಿಡುತ್ತಾರೆ. ಪತ್ರಿಕೆಯವರು ಫೋಟೋಗೆ ಬಂದಾಗ ಸ್ವಲ್ಪ ದುಃಖದ ಮುಖ ಬೇಕೆನ್ನುತ್ತಾರೆ. ಅವಳು ಮಕ್ಕಳಿಗೆ ನಗಿರಿ ಎನ್ನುತ್ತಾಳೆ, ತಾನೂ ನಗುತ್ತಾಳೆ. ಈ ದೃಶ್ಯವನ್ನು ಎಲ್ಲರೂ ಹೊಗಳಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದು, ಬ್ಯಾಂಕಿನದು. ಮನೆ ನಡೆಸಲು ದುಡ್ಡಿಲ್ಲದೆ ಯೂನಿಸ್ ಬ್ಯಾಂಕಿಗೆ ಹೋಗುತ್ತಾಳೆ. ಖಾತೆಯಲ್ಲಿ ಹಣವಿದೆ, ಆದರೆ ಗಂಡನ ಸಹಿ ಬೇಕು. ಗಂಡನನ್ನು ಹಿಡಿದದ್ದನ್ನೇ ಸರ್ಕಾರ ಒಪ್ಪಿಕೊಂಡಿಲ್ಲ. ಇನ್ನು ಸಹಿ ಎಲ್ಲಿಂದ ತರಬೇಕು?

ಶನಿವಾರ ರಾತ್ರಿ ಇದನ್ನು ನೋಡುವಾಗ ಆಕೆಯ ಎದುರಿಗಿರುವ ಕುರ್ಚಿ ನನ್ನದೇ ಅನಿಸಿತ್ತು. ಹದಿನೆಂಟು ವರ್ಷಗಳಿಂದ ನಾನು ಕುಳಿತಿರುವುದು ಆ ಕಡೆಯೇ.

ಸೋಮವಾರ ಊಟ ಮುಗಿಸಿ ಬಂದರೆ ಕೌಂಟರಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಕೈಯಲ್ಲಿ ಗಂಡನ ಪಾಸ್‌ಬುಕ್. ‘ಇದರಲ್ಲಿರುವ ಹಣ ತೆಗೆಯಬಹುದೇ?’ ಎಂದರು. ಅವರು ಬಂದಿಲ್ಲವೇ ಎಂದು ಕೇಳಿದೆ. ‘ಮೂರು ವರ್ಷವಾಯಿತು, ಕೆಲಸಕ್ಕೆಂದು ಹೋದವರು ಬಂದಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ.’ ನಾನು ಮಾತನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಷ್ಟು ವರ್ಷಗಳ ರೂಢಿ ನಾಲಿಗೆಯ ಮೇಲೇ ಇತ್ತು: ‘ಮರಣ ಪ್ರಮಾಣಪತ್ರ ಬೇಕಾಗುತ್ತದಮ್ಮ.’

ಅವರು ನನ್ನನ್ನೇ ನೋಡಿದರು. ದನಿ ಏರಲಿಲ್ಲ. ‘ಸತ್ತಿದ್ದಾರೆ ಎಂದು ನಾನು ಹೇಳಿದೆನೇ?’

ಅಂದಿನಿಂದ ಆ ಮಾತು ನನ್ನ ಕಿವಿಯಲ್ಲೇ ಇದೆ. ದೋಸೆ ಹುಯ್ಯುವಾಗ, ಬಸ್ಸಿನಲ್ಲಿ, ರಾತ್ರಿ ಮಗ್ಗುಲು ಬದಲಿಸುವಾಗ. ಸತ್ತಿದ್ದಾರೆ ಎಂದು ನಾನು ಹೇಳಿದೆನೇ? ಇಲ್ಲ, ಅವರು ಹೇಳಿರಲಿಲ್ಲ. ಹೇಳಿದ್ದು ನಾನು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ನಮ್ಮ ಕಾನೂನು ಮನುಷ್ಯ ಸತ್ತನೆಂದು ಭಾವಿಸುತ್ತದೆ. ಕಾನೂನು ಏಳು ವರ್ಷ ಬಿಟ್ಟುಕೊಟ್ಟಿದೆ. ನಾನು ಏಳು ಸೆಕೆಂಡು ಕೊಡಲಿಲ್ಲ.

ಪಕ್ಕದ ಕೌಂಟರಿನವರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಆಕೆ ಒಂದು ಹನಿ ಕಣ್ಣೀರು ಹಾಕಿದ್ದರೆ ಅವರು ಎದ್ದು ಕುರ್ಚಿ ಎಳೆದು ಕೊಡುತ್ತಿದ್ದರು, ನೀರು ತರಿಸುತ್ತಿದ್ದರು. ನಾನೂ ಅಷ್ಟೆ. ಆಕೆ ನೆಟ್ಟಗೆ ನಿಂತಿದ್ದರು, ಸೀರೆಯ ಸೆರಗು ಅಚ್ಚುಕಟ್ಟಾಗಿತ್ತು, ಮಾತು ಸ್ಪಷ್ಟವಾಗಿತ್ತು. ಹಾಗಿದ್ದುದರಿಂದಲೇ ನಾವಿಬ್ಬರೂ ಆಕೆಯನ್ನು ಒಂದು ಅರ್ಜಿಯಂತೆ ಕಂಡೆವು. ನನ್ನ ತಂದೆ ತೀರಿಕೊಂಡ ದಿನ ಅಮ್ಮ ಬಂದವರಿಗೆಲ್ಲ ಕಾಫಿ ಆಯಿತೇ ಎಂದು ವಿಚಾರಿಸುತ್ತಿದ್ದಳು. ಕಲ್ಲು ಮನಸ್ಸು ಎಂದು ಒಳಗಿನವರೇ ಆಡಿಕೊಂಡರು. ಅಮ್ಮನ ಪರವಾಗಿ ಅವರೊಡನೆ ಜಗಳವಾಡಿದವಳು ನಾನು. ಅಂಥವಳು ಕೌಂಟರಿನ ಹಿಂದೆ ಅವರಂತೆಯೇ ಆಗಿದ್ದೇನೆ.

ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರದಲ್ಲೂ ಇಂಥವಳೊಬ್ಬಳಿದ್ದಾಳೆ. ಮುಂಬೈಯ ನರ್ಸ್ ಪ್ರಭಾ. ಜರ್ಮನಿಗೆ ಹೋದ ಗಂಡನ ಕರೆ ನಿಂತುಹೋಗಿದೆ. ಒಂದು ದಿನ ಅಲ್ಲಿಂದ ಅನ್ನ ಮಾಡುವ ಎಲೆಕ್ಟ್ರಿಕ್ ಕುಕ್ಕರ್ ಬರುತ್ತದೆ, ಕಾಗದವಿಲ್ಲ. ರಾತ್ರಿ ಒಬ್ಬಳೇ ಕುಳಿತು ಅದನ್ನು ತಬ್ಬಿಕೊಳ್ಳುತ್ತಾಳೆ. ಕಾನ್ ಚಿತ್ರೋತ್ಸವದಲ್ಲಿ 2024ರ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಗೆದ್ದ ಈ ಚಿತ್ರವನ್ನು ನಮ್ಮವರು ಆಸ್ಕರ್‌ಗೆ ಕಳಿಸಲಿಲ್ಲ, ‘ಲಾಪತಾ ಲೇಡೀಸ್’ ಹೋಯಿತು. ಆ ನಿರ್ಧಾರ ನನಗೆ ಇಂದಿಗೂ ಅರಗಿಲ್ಲ.

ಸಾಲೆಸ್ ಅವರ ಚಿತ್ರಕ್ಕೆ ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರದ ಪ್ರಶಸ್ತಿ ಬಂತು. ಬ್ರೆಜಿಲ್‌ಗೆ ಅದು ಈ ವಿಭಾಗದಲ್ಲಿ ಮೊದಲನೆಯದು. ಅಲ್ಲಿ ಆಗ ಕಾರ್ನಿವಲ್ ಹಬ್ಬ. ಟೊರೆಸ್ ಅವರ ತಾಯಿ ಫರ್ನಾಂಡಾ ಮಾಂಟೆನೆಗ್ರೊ 1999ರಲ್ಲಿ, ಸಾಲೆಸ್ ಅವರದೇ ಇನ್ನೊಂದು ಚಿತ್ರಕ್ಕಾಗಿ, ಇದೇ ನಟಿಯ ಪ್ರಶಸ್ತಿಗೆ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದ್ದರು. ಈ ಚಿತ್ರದ ಕೊನೆಯಲ್ಲಿ ಮರೆವಿನ ಕಾಯಿಲೆಯ ಮುದುಕಿ ಯೂನಿಸ್ ಆಗಿ ಆ ತಾಯಿಯೇ ಕುಳಿತಿದ್ದಾರೆ. ಟೀವಿಯಲ್ಲಿ ಗಂಡನ ಚಿತ್ರ ಬಂದಾಗ ಕಣ್ಣು ಮಾತ್ರ ಅಲುಗುತ್ತದೆ. ನಟಿಯ ಪ್ರಶಸ್ತಿ ತಾಯಿಗೂ ಇಲ್ಲ, ಮಗಳಿಗೂ ಇಲ್ಲ.

ಯೂನಿಸ್‌ಗೆ ಗಂಡನ ಮರಣ ಪ್ರಮಾಣಪತ್ರ ಸಿಕ್ಕಿದ್ದು 1996ರಲ್ಲಿ, ಇಪ್ಪತ್ತೈದು ವರ್ಷಗಳ ನಂತರ. ಅಷ್ಟರಲ್ಲಿ ಅವಳು ಕಾನೂನು ಓದಿ ವಕೀಲೆಯಾಗಿದ್ದಳು, ಮೂಲನಿವಾಸಿಗಳ ಹಕ್ಕಿಗಾಗಿ ದುಡಿದಿದ್ದಳು. ಆ ಕಾಗದದಲ್ಲಿದ್ದದ್ದು 1971ರಿಂದ ಕಾಣೆ ಎಂಬ ಮಾತಷ್ಟೆ. ಅದು ಸಹಜ ಸಾವಲ್ಲ, ಪ್ರಭುತ್ವವೇ ಮಾಡಿದ್ದು ಎಂದು ತಿದ್ದಿದ್ದು 2025ರ ಜನವರಿಯಲ್ಲಿ. ಅದನ್ನು ಓದಲು ಅವಳಿರಲಿಲ್ಲ, 2018ರಲ್ಲೇ ತೀರಿಕೊಂಡಿದ್ದಳು. ನಾನು ದಿನಕ್ಕೆರಡು ಬಾರಿ ಕೇಳುವ ಕಾಗದ ಅದು.

ಅಂದು ನಾನು ಎದ್ದು ಕೌಂಟರಿನ ಹೊರಗೆ ಬಂದು ಆ ಹೆಂಗಸಿನ ಪಕ್ಕದ ಬೆಂಚಿನಲ್ಲಿ ಕುಳಿತೆ. ತಪ್ಪಾಯಿತು ಎಂದೆ. ದೂರಿನ ಪ್ರತಿ, ಪತ್ತೆಯಾಗಿಲ್ಲವೆಂಬ ಪೊಲೀಸರ ವರದಿ, ಯಾವುದರಿಂದ ಏನು ಮಾಡಬಹುದು ಎಂದು ಮ್ಯಾನೇಜರರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಓದಿ ಮಡಚಿಟ್ಟುಕೊಂಡರು. ಆಮೇಲೆ, ‘ಪುಸ್ತಕ ಬರೆಸಿಕೊಡುತ್ತೀರಾ?’ ಎಂದರು.

ಯಂತ್ರಕ್ಕೆ ಹಾಕಿದೆ. ಕೊನೆಯ ಬಾರಿ ತೆಗೆದದ್ದು ಎರಡು ಸಾವಿರ ರೂಪಾಯಿ. ಅದರ ಕೆಳಗೆಲ್ಲ ಬಡ್ಡಿ, ಬಡ್ಡಿ, ಬಡ್ಡಿ. ಮೂರು ತಿಂಗಳಿಗೊಮ್ಮೆ ಗಂಡನ ಹೆಸರಿಗೆ ತಪ್ಪದೆ ಜಮೆಯಾಗಿತ್ತು. ಆಕೆ ಅಲ್ಲೇ ನಿಂತು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ನನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಪಕ್ಕದ ಕೌಂಟರಿನವರು ಎದ್ದು ನಿಂತಿದ್ದರು.