ಹೆಗಲು ಕುಂತ್ರ ಕೋಟು ಕುಂತಂಗ

ಓದಲೆಂದು ಬ್ರಿಟನ್ನಿಗೆ ಹೊರಟ ಕಲಬುರಗಿ, ಬೀದರಿನ ಹುಡುಗರು ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ದಪ್ಪ ಜಾಕೆಟ್ಟನ್ನು ಪೆಟ್ಟಿಗೆಗೆ ತುರುಕಿಕೊಂಡು ಬರುತ್ತಾರೆ. ಬೀದರಿನ ಡಿಸೆಂಬರ್ ಥಂಡಿಗೆ ಅದು ಸಾಕು. ಇಲ್ಲಿನ ಕಾಟವೇ ಬೇರೆ: ಬಿಡದ ಗಾಳಿ, ಅದರ ಜೊತೆಗೆ ಜಿಟಿಜಿಟಿ ಮಳೆ. ಕಡಿಮೆ ದುಡ್ಡಿನಲ್ಲಿ ಇದನ್ನು ತಡೆಯುವುದು ಸೇನೆಗಳು ಮಾರಿಬಿಟ್ಟ ಹಳೇ ಕೋಟು. ಆರ್ಮಿ ಸರ್‌ಪ್ಲಸ್ ಅಂಗಡಿ, ಚಾರಿಟಿ ಅಂಗಡಿ, ಆನ್‌ಲೈನ್, ಎಲ್ಲ ಕಡೆ ಸಿಗುತ್ತದೆ. ಸಿಗದಿರುವುದು ಅದನ್ನು ಅಗ್ಗದಲ್ಲಿ ಸರಿಮಾಡಿ ಕೊಡುವ ದರ್ಜಿ. ಇಲ್ಲಿ ರಿಪೇರಿ ಕೂಲಿ ಎಷ್ಟೋ ಸಲ ಕೋಟಿನ ಬೆಲೆಯನ್ನೇ ದಾಟುತ್ತದೆ. ಹಾಗಾಗಿ ಹೆಗಲು ಸರಿಯಿರುವುದನ್ನು ಇಲ್ಲಿ ಕೊಳ್ಳಿ, ಉಳಿದದ್ದನ್ನು ರಜೆಗೆ ಹೋದಾಗ ಊರಲ್ಲಿ ಮಾಡಿಸಿ.

ಮುಖ್ಯವಾಗಿ ಎರಡು ಜಾತಿ. ಒಂದು ಉಣ್ಣೆಯ ಗ್ರೇಟ್‌ಕೋಟ್, ಮೊಣಕಾಲು ದಾಟುವಂಥದ್ದು. ನೇಯ್ದ ಮೇಲೆ ಒತ್ತಿ ಗಟ್ಟಿಮಾಡಿದ ಬಟ್ಟೆ ಅದು. ನಮ್ಮ ಕಡೆ ಕುರಿಗಾಹಿಗಳು ಹೊದೆಯುವ ಕಂಬಳಿಯಂತೆಯೇ ಸಣ್ಣ ಮಳೆ ಮೇಲೆಯೇ ಹನಿಗಟ್ಟಿ ನಿಲ್ಲುತ್ತದೆ. ಒಮ್ಮೆ ಪೂರ್ತಿ ನೆನೆಯಿತೋ, ಒಣಗಲು ಎರಡು ದಿನ. ಇನ್ನೊಂದು ಅಮೆರಿಕದ ಎಂ-65 ಥರದ ಫೀಲ್ಡ್ ಜಾಕೆಟ್, ಹತ್ತಿ-ನೈಲಾನ್ ಬೆರಕೆ. ಗಾಳಿ ತಡೆಯುತ್ತದೆ, ಆದರೆ ಬೆಚ್ಚಗಿರಲು ಒಳಗೆ ಗುಂಡಿಯಿಂದ ಕೂಡಿಸುವ ಲೈನರ್ ಬೇಕು. ಲೈನರ್ ಸಮೇತ ಸಿಕ್ಕರೆ ಬಿಡಬೇಡಿ.

ಲೇಬಲ್ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಎಂ-65ರ ಒಳಗಿನ ಲೇಬಲ್‌ನಲ್ಲಿ ಡಿಎಸ್‌ಎ 100-70-ಸಿ ಎಂದು ಶುರುವಾಗುವ ಗುತ್ತಿಗೆ ಸಂಖ್ಯೆ ಇದ್ದರೆ ನಡುವಿನ 70 ಅಂದರೆ 1970. ಡಿಎಸ್‌ಎ ಅಂದರೆ ಅಮೆರಿಕದ ಸೇನಾ ಸರಬರಾಜು ಸಂಸ್ಥೆ. ಅದರ ಹೆಸರು ಬದಲಾದದ್ದರಿಂದ 1977ರ ನಂತರದವುಗಳಲ್ಲಿ ಡಿಎಸ್‌ಎ ಹೋಗಿ ಡಿಎಲ್‌ಎ ಬರುತ್ತದೆ. 13 ಅಂಕಿಯ ನೇಟೋ ದಾಸ್ತಾನು ಸಂಖ್ಯೆಯಲ್ಲಿ ಐದು ಮತ್ತು ಆರನೇ ಅಂಕಿಗಳು ದೇಶವನ್ನು ಹೇಳುತ್ತವೆ: 99 ಬ್ರಿಟನ್, 12 ಜರ್ಮನಿ, 14 ಫ್ರಾನ್ಸ್. ಇಂಥ ಸಂಖ್ಯೆ ಯಾವುದೂ ಇಲ್ಲದೆ ಬರೀ ಕಂಪನಿ ಹೆಸರಿದ್ದರೆ ಅದು ಬಹುಪಾಲು ಪೇಟೆಗಾಗಿ ಹೊಲಿದ ನಕಲು. ಕೆಟ್ಟದ್ದೇನಲ್ಲ, ಅಸಲಿ ಬೆಲೆ ಮಾತ್ರ ಕೊಡಬೇಡಿ.

ಎಲ್ಲರೂ ಎಡವುವುದು ಅಳತೆಯಲ್ಲಿ. ಬ್ರಿಟಿಷ್ ಲೇಬಲ್‌ನ 7080/9404 ಎಂದರೆ ಎತ್ತರ 170ರಿಂದ 180 ಸೆಂ.ಮೀ., ಎದೆ 94ರಿಂದ 104 ಸೆಂ.ಮೀ. ಇದು ತೊಡುವವನ ಮೈ ಅಳತೆ, ಬಟ್ಟೆಯದ್ದಲ್ಲ. ಒಳಗೆ ಸಮವಸ್ತ್ರ ಹಾಕಿಕೊಳ್ಳುತ್ತಾರೆಂದು ಲೆಕ್ಕಹಾಕಿ ಕತ್ತರಿಸಿದ ಕೋಟು ಅದು. ಹೀಗಾಗಿಯೇ ಎದೆ 37ರಿಂದ 41 ಇಂಚು ಎಂದು ಬರೆದ ಎಂ-65 ಮೀಡಿಯಮ್ಮಿನ ನಿಜವಾದ ಸುತ್ತಳತೆ 46 ಇಂಚಿನ ಆಸುಪಾಸು ಇರುತ್ತದೆ. ಅಂಗಿಯ ಸೈಜು ನೋಡಿ ತರಿಸಿದವರಿಗೆ ಚೀಲ ಸಿಗುತ್ತದೆ. ಕೋಟನ್ನು ಹಾಸಿ, ಗುಂಡಿ ಹಾಕಿ, ಬಗಲಿನಿಂದ ಬಗಲಿಗೆ ಅಳೆದು ಎರಡರಿಂದ ಗುಣಿಸಿ. ಸ್ವೆಟರ್ ತೊಟ್ಟ ನಿಮ್ಮ ಎದೆಗಿಂತ ಅದು 4ರಿಂದ 6 ಇಂಚು ಜಾಸ್ತಿ ಇರಲಿ. ಬೆನ್ನಿನ ಮೇಲೆ ಹೆಗಲ ಹೊಲಿಗೆಯಿಂದ ಹೆಗಲ ಹೊಲಿಗೆಗೆ ಅಳೆದರೆ ನಿಮ್ಮ ಹೆಗಲಿಗೆ ಸರಿಸಮ, ಇಲ್ಲವೇ ಹೆಚ್ಚೆಂದರೆ ಒಂದು ಇಂಚು ದೊಡ್ಡದು. ಚಿಕ್ಕದಿದ್ದರೆ ಅಲ್ಲೇ ಬಿಟ್ಟುಬನ್ನಿ.

ಐದೂವರೆ ಅಡಿಯವರು ಶಾರ್ಟ್ ಎಂದು ಬರೆದದ್ದನ್ನೇ ಹುಡುಕಬೇಕು. ಉದ್ದದ್ದನ್ನು ಕೊಂಡು ಕೆಳಗೆ ಕತ್ತರಿಸಿದರೆ ಅಂಚು ಮಾತ್ರ ಮೇಲೇರುತ್ತದೆ. ಜೇಬು, ಸೊಂಟದ ಲಾಡಿ ಇದ್ದಲ್ಲೇ ಇರುತ್ತವೆ. ಮೂರು ಇಂಚು ದಾಟಿ ಕತ್ತರಿಸಿದರೆ ಜೇಬಿನ ತಳ ಅಂಚಿಗೆ ಬಡಿಯುತ್ತದೆ.

ಕೊಳ್ಳುವ ಮುನ್ನ ಕೋಟನ್ನು ಬೆಳಕಿಗೆ ಹಿಡಿಯಿರಿ. ನುಸಿ ತಿಂದ ತೂತು ಕಾಲರಿನ ಅಡಿ, ಬಗಲು, ಬೆನ್ನುಪಟ್ಟಿಯ ಹಿಂದೆ ಮೊದಲು ಕಾಣುತ್ತದೆ. ಬಗಲ ಹೊಲಿಗೆಯನ್ನು ಎರಡು ಕೈಯಿಂದ ಎಳೆದು ನೋಡಿ. ಪಟಪಟ ಬಿಟ್ಟರೆ ನೂಲು ಸತ್ತಿದೆ, ಇಡೀ ಕೋಟಿಗೆ ಮರುಹೊಲಿಗೆ ಬೇಕು. ಜಿಪ್ಪಿನ ಹಲ್ಲು ಬಿದ್ದಿದ್ದರೆ ಎಂ-65 ಬೇಡ, ಗಾಳಿತಡೆ ಪಟ್ಟಿಯ ಒಳಗೆ ಕೂತ ಜಿಪ್ಪನ್ನು ಬದಲಿಸುವುದು ಅರ್ಧ ದಿನದ ಕೆಲಸ. ಹಲ್ಲು ನೆಟ್ಟಗಿದ್ದು ಹಿಂದೆಯೇ ಬಿಚ್ಚಿಕೊಳ್ಳುತ್ತಿದ್ದರೆ ಜಿಪ್ಪಿನ ಗುಬ್ಬಿಯನ್ನು ಇಕ್ಕಳದಿಂದ ಎರಡೂ ಪಕ್ಕ ಹಗುರಾಗಿ ಒತ್ತಿದರೆ ಸಾಕು. ಒಳಗೆ ರಬ್ಬರ್ ಬಳಿದ ಕೋಟು ಕೈಗೆ ಅಂಟಿದರೆ ಅದಕ್ಕೆ ಔಷಧವಿಲ್ಲ.

ಈಗ ದರ್ಜಿಯ ಕೆಲಸ. ಗ್ರೇಟ್‌ಕೋಟಿನಲ್ಲಿ ಮೊದಲು ಬೆನ್ನುಪಟ್ಟಿಯ ಗುಂಡಿ ಸರಿಸಿ: ಕತ್ತರಿ ಮುಟ್ಟದೆ ಸೊಂಟ ಎರಡು ಇಂಚು ಒಳಬರುತ್ತದೆ. ಮುಂದಿನ ಎರಡು ಸಾಲು ಗುಂಡಿಗಳನ್ನು ಒಂದು ಇಂಚಿನವರೆಗೆ ಸರಿಸಬಹುದು, ಆದರೆ ಎರಡೂ ಸಾಲು ಒಟ್ಟಿಗೆ. ಒಂದನ್ನೇ ಸರಿಸಿದರೆ ಎದೆ ಸೊಟ್ಟ ಕಾಣುತ್ತದೆ. ಇನ್ನೂ ಸಡಿಲವೆನಿಸಿದರೆ ಪಕ್ಕದ ಹೊಲಿಗೆ ಹಿಡಿಸಿ, ಒಂದೊಂದು ಪಕ್ಕಕ್ಕೆ ಒಂದೂವರೆ ಇಂಚು ಸುತ್ತಳತೆ ಮಾತ್ರ. ಅದಕ್ಕಿಂತ ಹೆಚ್ಚು ಹಿಡಿದರೆ ಬಗಲ ಸುತ್ತು ಕಿರಿದಾಗಿ ತೋಳು ಎತ್ತಿದಾಗ ಇಡೀ ಕೋಟು ಮೇಲೇಳುತ್ತದೆ.

ತೋಳು ಗಿಡ್ಡ ಮಾಡುವುದು ಸುಲಭ, ಒಳಗೆ ಒಂದೂವರೆ ಇಂಚು ಮಡಿಕೆ ಉಳಿಸಿ. ಎಂ-65ರ ತೋಳಿನ ತುದಿಯಲ್ಲಿ ಅಂಗೈಯ ಹಿಂಬದಿ ಮುಚ್ಚುವಂತೆ ಮಡಚುವ ತ್ರಿಕೋನದ ತುಂಡು, ವೆಲ್‌ಕ್ರೋ ಎರಡೂ ಇರುವುದರಿಂದ ಅಲ್ಲಿ ಕೈಹಾಕದಿರುವುದೇ ಮೇಲು. ಮಾಸಿದ ಹತ್ತಿಯ ಕೋಟಿನಲ್ಲಿ ಮಡಿಕೆ ಬಿಚ್ಚಿ ಉದ್ದ ಮಾಡಲೇಬೇಡಿ. ಒಳಗಿದ್ದ ಬಟ್ಟೆಗೆ ಬಿಸಿಲು ತಾಗಿರುವುದಿಲ್ಲ, ಹೊಸ ಕಡು ಹಸಿರು ಪಟ್ಟಿಯೊಂದು ಬಳೆ ತೊಡಿಸಿದಂತೆ ಎದ್ದು ಕಾಣುತ್ತದೆ, ಎಷ್ಟು ಒಗೆದರೂ ಹೋಗದು. ಉಣ್ಣೆಯಲ್ಲಿ ಹಳೇ ಮಡಿಕೆಯ ಗೆರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಹೋಗುತ್ತದೆ. ಒತ್ತಬೇಕು, ಎಳೆಯಬಾರದು.

ಊರಿನ ದರ್ಜಿಗೆ ಕೊಡುವಾಗ ಸ್ವೆಟರ್ ತೊಟ್ಟುಕೊಂಡೇ ಹೋಗಿ, ಮೇ ತಿಂಗಳ ಕಲಬುರಗಿಯಾದರೂ ಸರಿ. "ಭಾಯ್, ಇದು ಶೇರವಾನಿ ಅಲ್ರಿ, ಮೈಗಿ ಹತ್ತಿಸಬ್ಯಾಡ್ರಿ. ಒಳಗ ಒಂದು ಇಂಚು ಬಟ್ಟಿ ಬಿಡ್ರಿ, ಕತ್ತರಿಸಬ್ಯಾಡ್ರಿ" ಎಂದು ಬಿಡಿಸಿ ಹೇಳಿ. ನಾಲ್ಕು ಪದರ ಉಣ್ಣೆಗೆ ಅಂಗಿ ಹೊಲಿಯುವ ಸೂಜಿ ಮುರಿಯುತ್ತದೆ: 18ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ಇಂಚಿಗೆ ಆರೇಳು ಟಾಕೆ. ಮೊದಲು ಕಚ್ಚಾ ಟಾಕೆ ಹಾಕಿಸಿ ತೊಟ್ಟು, ಕೈ ಮುಂದೆ ಚಾಚಿ ನೋಡಿ, ಆಮೇಲೆ ಮಷಿನ್. ಅಸ್ತರು ಬಿಚ್ಚಿ ಒಳಗಿನಿಂದ ಹೊಲಿಯಬೇಕು. ಅಸ್ತರಿನ ಸಮೇತ ಹಿಡಿದು ಹೊಲಿದರೆ ಒಳಗೆ ಗಂಟು ಗಂಟಾಗುತ್ತದೆ.

ಪಟ್ಟಿ, ಬಾವುಟ, ಬಿಲ್ಲೆ ಎಲ್ಲ ಬಿಚ್ಚಿಸಿ. ಬ್ರಿಟನ್ನಿನಲ್ಲಿ ಸೈನಿಕರಲ್ಲದವರು ಅನುಮತಿಯಿಲ್ಲದೆ ಸೇನೆಯ ಸಮವಸ್ತ್ರ ತೊಡುವುದನ್ನು ತಡೆಯುವ 1894ರ ಸಮವಸ್ತ್ರ ಕಾಯ್ದೆ ಇದೆ. ನಮ್ಮಲ್ಲಿ ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಬೀದರಿನಂಥ ವಾಯುನೆಲೆಯ ಊರಿಗೆ ಚಿತ್ತಾರದ ಸೇನಾ ಬಟ್ಟೆಗಿಂತ ಸಾದಾ ಹಸಿರು, ಬೂದು ಬಣ್ಣವೇ ವಾಸಿ.

ತಂದ ಉಣ್ಣೆ ಕೋಟನ್ನು ಬೀರುವಿಗೆ ಹಾಕುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ನುಸಿಯ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಚಳಿ ಪೂರ್ತಿ ಇಳಿಯುವ ತನಕ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆಯೆಲ್ಲ ನೀರಾಡುತ್ತದೆ. ಬಿಸಿನೀರು, ವಾಷಿಂಗ್ ಮಷಿನ್ ಎರಡೂ ಬೇಡ, ಕುಗ್ಗಿದ ಉಣ್ಣೆ ಹಿಗ್ಗುವುದಿಲ್ಲ. ತೂಗುಹಾಕಲು ಅಗಲ ಹೆಗಲಿನ ಕಟ್ಟಿಗೆ ಹ್ಯಾಂಗರ್ ಬೇಕು. ತಂತಿಯದ್ದಾದರೆ ಮೂರು ಕಿಲೋ ಆಸುಪಾಸಿನ ಭಾರಕ್ಕೆ ಹೆಗಲಲ್ಲಿ ಕೊಂಬು ಮೂಡುತ್ತದೆ.