ಸ್ಲೀವೋ ಬೈಪಾಸೋ: ಕಿಲೋ ಲೆಕ್ಕಕ್ಕಿಂತ ಮೊದಲು ನೋಡಬೇಕಾದ್ದು

ತೂಕ ಇಳಿಸುವ ಆಪರೇಷನ್ ವಿಚಾರಿಸಲು ಬಂದವರ ಮೊದಲ ಪ್ರಶ್ನೆ ‘ಎಷ್ಟು ಕಿಲೋ ಇಳೀತದ್ರಿ?’ ಅನ್ನುವುದು. ಆ ಲೆಕ್ಕದಲ್ಲಿ ಸ್ಲೀವ್‌ಗೂ (ಜಠರ ಕತ್ತರಿಸಿ ಕಿರಿದು ಮಾಡುವುದು) ಬೈಪಾಸ್‌ಗೂ (ಜಠರದ ಸಣ್ಣ ಚೀಲಕ್ಕೆ ಕರುಳು ಜೋಡಿಸುವುದು) ಅಂತರ ಅಷ್ಟು ದೊಡ್ಡದಿಲ್ಲ. ಫಿನ್‌ಲೆಂಡಿನಲ್ಲಿ 240 ರೋಗಿಗಳನ್ನು ಎರಡು ಗುಂಪು ಮಾಡಿ 10 ವರ್ಷ ನೋಡಿದ್ದಾರೆ. ಇರಬೇಕಾದ್ದಕ್ಕಿಂತ ಹೆಚ್ಚಿದ್ದ ತೂಕದಲ್ಲಿ ಸ್ಲೀವ್ ಆದವರು ಸುಮಾರು ಶೇ 43, ಬೈಪಾಸ್ ಆದವರು ಸುಮಾರು ಶೇ 51 ಕಳೆದುಕೊಂಡಿದ್ದರು. ಅನ್ನನಾಳದ ಉರಿಯೂತ ಮಾತ್ರ ಸ್ಲೀವ್‌ನಲ್ಲಿ ಶೇ 31, ಬೈಪಾಸ್‌ನಲ್ಲಿ ಶೇ 7. ನನ್ನ ಕಣ್ಣಿಗೆ ಈ ಎರಡನೇ ಜೋಡಿ ಅಂಕಿಯೇ ದೊಡ್ಡದು.

ಯಾರಿಗೆ ಆಪರೇಷನ್? 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35 ದಾಟಿದವರಿಗೆ, ಏಷ್ಯಾದವರಿಗೆ 27.5ರಿಂದಲೇ ಸೂಚಿಸಬಹುದು. 160 ಸೆಂ.ಮೀ. ಎತ್ತರದವರಿಗೆ 27.5 ಅಂದರೆ ಸುಮಾರು 70 ಕಿಲೋ, 35 ಅಂದರೆ ಸುಮಾರು 90 ಕಿಲೋ. ವಿಮೆಯವರ ಗೆರೆ ಬೇರೆ: ಬಿಎಂಐ 40, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ಸ್ಲೀಪ್ ಅಪ್ನಿಯಾದಂಥ ತೊಂದರೆ ಇರಬೇಕು. ಡಾಕ್ಟರು ಹೂಂ ಅಂದರೂ ವಿಮೆಯವರು ಉಹೂಂ ಅನ್ನುವುದು ಇದಕ್ಕೇ.

ಸ್ಲೀವ್‌ನಲ್ಲಿ ಸುಮಾರು 12–13 ಮಿ.ಮೀ. ದಪ್ಪದ ನಳಿಗೆಯನ್ನು ಬಾಯಿಂದ ಇಳಿಸಿ, ಅದರ ಗುಂಟ ಸ್ಟೇಪಲ್ ಹಾಕುತ್ತ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ತೆಗೆದದ್ದು ಮತ್ತೆ ಬರುವುದಿಲ್ಲ. ಕರುಳನ್ನು ಮುಟ್ಟದಿರುವುದರಿಂದ ಕೆಲಸ ಸರಳ, ಸಮಯವೂ ಕಡಿಮೆ. ಆದರೆ ಉಳಿದ ಕೊಳವೆಯೊಳಗೆ ಒತ್ತಡ ಜಾಸ್ತಿ. ಅದಕ್ಕೇ ಆಮ್ಲ ಮೇಲೆ ನುಗ್ಗುತ್ತದೆ. ಅದಕ್ಕೇ ಸ್ಟೇಪಲ್ ಸಾಲಿನ ಮೇಲ್ತುದಿಯಲ್ಲಿ ಸೋರಿದರೆ ಬೇಗ ಮಾಯುವುದಿಲ್ಲ. ಸೋರಿಕೆಯ ಮೊದಲ ಸುಳಿವು ಹೊಟ್ಟೆನೋವೇ ಆಗಿರಬೇಕೆಂದಿಲ್ಲ, ನಾಡಿ 120 ದಾಟುವುದೂ ಆಗಬಹುದು. ರಾತ್ರಿ ಎದೆಯುರಿಯಿಂದ ಎದ್ದು ಕೂರುವವರು ಮೊದಲು ಎಂಡೋಸ್ಕೋಪಿ ಮಾಡಿಸಲಿ. ಅನ್ನನಾಳದಲ್ಲಿ ಹುಣ್ಣೋ ಜಠರದ ಮೇಲ್ಭಾಗ ಎದೆಯೊಳಗೆ ಏರಿದ ದೊಡ್ಡ ಹಯಾಟಸ್ ಹರ್ನಿಯಾವೋ ಕಂಡರೆ ಸ್ಲೀವ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬೈಪಾಸ್ ಅಂದಕೂಡಲೇ ಕೆಲವರು ಎದೆ ಮುಟ್ಟಿಕೊಳ್ಳುತ್ತಾರೆ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂ.ಎಲ್. ಚೀಲ ಉಳಿಸಿ, ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಪಿತ್ತ ಮತ್ತು ಜೀರ್ಣರಸ ಕೆಳಗೆ, 100–150 ಸೆಂ.ಮೀ. ದಾಟಿದ ಮೇಲೆ ಅನ್ನಕ್ಕೆ ಸೇರುತ್ತವೆ. ಎದೆಯುರಿ ಇದ್ದವರಿಗೆ, ಹಲವು ವರ್ಷದ ಸಕ್ಕರೆ ಕಾಯಿಲೆಯವರಿಗೆ ಇದು ಮೇಲು. ಆಪರೇಷನ್ ಆದ ದಿನಗಳಲ್ಲೇ ಸಕ್ಕರೆ ಇಳಿಯಬಹುದು. ಇನ್ಸುಲಿನ್, ಗ್ಲಿಮೆಪಿರೈಡ್ ಮಾತ್ರೆ ಹಳೆಯ ಡೋಸಿನಲ್ಲೇ ಮುಂದುವರಿದರೆ ತಲೆಸುತ್ತಿ ಬೀಳುತ್ತಾರೆ.

ಬೈಪಾಸ್ ಆದವರು ಅಮೀನಗಡದ ಕರದಂಟನ್ನೋ ಬೆಳಗಾವಿ ಕುಂದಾವನ್ನೋ ಬಾಯಿತುಂಬ ತಿಂದರೆ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಹೆದರಿಕೆ ಹುಟ್ಟಿಸಿದರೂ ಇಳಿದುಹೋಗುತ್ತದೆ. ಜೋಡಣೆಯ ಜಾಗದಲ್ಲಿ ಆಗುವ ಹುಣ್ಣು ಹಾಗಲ್ಲ; ತೂತು ಬಿದ್ದರೆ ಜೀವಕ್ಕೇ ಅಪಾಯ. ಬೀಡಿ, ಸಿಗರೇಟು ಒಂದು ಕಾರಣ. ಇನ್ನೊಂದು, ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್. ಪ್ಯಾರಾಸಿಟಮಾಲ್ ನಡೆಯುತ್ತದೆ. ತಂಬಾಕು ಸುಣ್ಣ ಬಿಡಲಾಗದವರಿಗೂ ನಾನು ಬೈಪಾಸ್ ಹೇಳಲಾರೆ.

ಮಿನಿ ಬೈಪಾಸ್‌ನಲ್ಲಿ ಬೈಪಾಸ್‌ನಂತೆ ಎರಡಲ್ಲ, ಒಂದೇ ಜೋಡಣೆ. ತೂಕ ಚೆನ್ನಾಗಿ ಇಳಿಯುತ್ತದೆ, ಸರ್ಜನ್‌ಗೂ ಕೆಲಸ ಹಗುರ. ಆದರೆ ಎಷ್ಟು ಉದ್ದ ಕರುಳು ಬಿಟ್ಟು ಜೋಡಿಸುತ್ತೀರಿ ಎಂದು ಕೇಳಲೇಬೇಕು. 200 ಸೆಂ.ಮೀ. ಬಿಟ್ಟು ಮಾಡಿದ ಫ್ರಾನ್ಸಿನ ಅಧ್ಯಯನದಲ್ಲಿ ಭೇದಿ, ಪೋಷಕಾಂಶದ ಕೊರತೆ ಹೆಚ್ಚು ಕಂಡವು. ಹಾಲು, ಬೇಳೆ, ರೊಟ್ಟಿಯ ಮೇಲೇ ಇರುವ ನಮ್ಮ ಸಸ್ಯಾಹಾರಿ ಮನೆಗಳಿಗೆ ಅಷ್ಟು ಉದ್ದ ಬೇಡ, 150 ಸಾಕು. ಜಠರದ ಸುತ್ತ ಬ್ಯಾಂಡ್ ಹಾಕುವುದು ಈಗ ಬಹುಪಾಲು ನಿಂತಿದೆ. ಜಠರದೊಳಗೆ ಇಡುವ ಬಲೂನು ಆಪರೇಷನ್ನೇ ಅಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ. ತೆಗೆದ ಮೇಲೆ ತೂಕ ಮರಳಿ ಏರುವುದೇ ಹೆಚ್ಚು.

ಮೊದಲ ಎರಡು ವಾರ ತಿಳಿ ಆಹಾರ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಜೋಳದ ರೊಟ್ಟಿಗೆ ಎರಡು-ಮೂರು ತಿಂಗಳು ತಡೆಯಬೇಕು, ಅದೂ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ. ಖಡಕ್ ರೊಟ್ಟಿ ಇನ್ನೂ ತಡವಾಗಿ. ಊಟದ ನಡುವೆ ನೀರು ಬೇಡ, ಅರ್ಧ ತಾಸು ಬಿಟ್ಟು ಕುಡಿಯಿರಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಣ ಸೋಯಾ 50 ಗ್ರಾಂ, ಪನೀರು 100 ಗ್ರಾಂ, ಹಾಲು ಅರ್ಧ ಲೀಟರ್ ಸೇರಿದರೆ ಸುಮಾರು ಅಷ್ಟಾಗುತ್ತದೆ. ಆದರೆ ಮೊದಲ ತಿಂಗಳುಗಳಲ್ಲಿ ಇಷ್ಟು ಒಳಗೆ ಹಿಡಿಯುವುದಿಲ್ಲ, ಪ್ರೋಟೀನ್ ಪುಡಿ ಬೇಕಾಗುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ ಜೀವನಪೂರ್ತಿ. ಹೆಣ್ಣುಮಕ್ಕಳು 12–18 ತಿಂಗಳು ಬಸಿರು ಮುಂದೂಡಬೇಕು.

ಡಿಸ್ಚಾರ್ಜ್ ಕಾರ್ಡಿನ ಫೋಟೊ ಮೊಬೈಲಿನಲ್ಲಿರಲಿ: ಯಾವ ಆಪರೇಷನ್, ಕರುಳಿನ ಉದ್ದ ಎಷ್ಟು ಎಂಬುದು ಅದರಲ್ಲಿ ಕಾಣಬೇಕು. ಒಂದೇ ಸಮನೆ ವಾಂತಿಯಾಗಿ ತಾಲ್ಲೂಕಿನ ದವಾಖಾನೆಗೆ ಹೋದಾಗ ಅಲ್ಲಿ ಗ್ಲುಕೋಸ್ ಸಲಾಯಿನ್ ಹಚ್ಚುವುದು ರೂಢಿ. ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಎರಡೆರಡು ಕಾಣುವುದು, ನಡಿಗೆ ತಪ್ಪುವುದು ಅದರ ಲಕ್ಷಣ. ಬೈಪಾಸ್ ಆದವರಿಗೆ ವರ್ಷಗಳ ನಂತರ ಉಂಡ ಮೇಲೆ ಹೊಟ್ಟೆ ಹಿಂಡಿದಂತೆ ನೋವು ಬಂದು ಹೋಗುತ್ತಿದ್ದರೆ ಗ್ಯಾಸ್ ಎಂದು ತಳ್ಳಿಹಾಕಬಾರದು. ಒಳಗಿನ ಸಂದಿಯಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ಇದು ಸಿಟಿ ಸ್ಕ್ಯಾನಿನಲ್ಲೂ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ನೋವು ನಿಲ್ಲದಿದ್ದರೆ ಹೊಟ್ಟೆಯೊಳಗೆ ದುರ್ಬೀನು ಹಾಕಿ (ಲ್ಯಾಪರೋಸ್ಕೋಪಿ) ನೋಡಲೇಬೇಕು.