ಗೌರಿ ಹಬ್ಬ: ಮೊರದ ಬಾಗಿನದಲ್ಲಿ ತಾಯಿ ಇಡುವುದೇನು?

ಭಾದ್ರಪದ ಶುಕ್ಲ ತದಿಗೆಯಂದು ಆಚರಿಸುವ ಸ್ವರ್ಣಗೌರಿ ವ್ರತದಲ್ಲಿ ದೇವಿ ಮನೆಗೆ ಬರುವ ರೀತಿಯೇ ಬೇರೆ. ವರಮಹಾಲಕ್ಷ್ಮಿಯನ್ನು ಸಿರಿ ಕೊಡುವ ತಾಯಿಯೆಂದು ಬೇಡಿಕೊಂಡು ಕರೆಯುತ್ತೇವೆ. ನವರಾತ್ರಿಯಲ್ಲಿ ಮಹಿಷಮರ್ದಿನಿಯ ಎದುರು ಭಯಭಕ್ತಿಯಿಂದ ಕೈಮುಗಿದು ನಿಲ್ಲುತ್ತೇವೆ. ಗೌರಿಯಾದರೋ ತವರಿಗೆ ಬರುವ ಮಗಳು. ವರ್ಷಕ್ಕೊಮ್ಮೆ ಕೈಲಾಸದಿಂದ ಇಳಿದು ಬರುತ್ತಾಳೆ, ಮರುದಿನ ಚೌತಿಗೆ ಮಗ ಗಣಪ ಅವಳನ್ನು ಕರೆದೊಯ್ಯಲು ಬರುತ್ತಾನೆ ಎಂಬುದು ನಮ್ಮ ಕಡೆಯ ನಂಬಿಕೆ. ಆದ್ದರಿಂದ ಅರಿಶಿನದ ಗೌರಿಯನ್ನೋ ಮಣ್ಣಿನ ಗೌರಿಯನ್ನೋ ಮಂಟಪದಲ್ಲಿ ಕೂರಿಸಿ, ಹದಿನಾರು ಗಂಟಿನ ದಾರವನ್ನು ಪೂಜಿಸಿ ಕೈಗೆ ಕಟ್ಟಿಕೊಳ್ಳುವ ಹೆಂಗಸು ಆ ದಿನದ ಮಟ್ಟಿಗೆ ಗೌರಿಯ ತಾಯಿ ಮೇನಾದೇವಿಯ ಸ್ಥಾನದಲ್ಲಿ ಕುಳಿತಿರುತ್ತಾಳೆ.

ಮೇನಾದೇವಿಯನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ. ಪರ್ವತರಾಜನ ಪಟ್ಟದರಸಿಯಾಗಿದ್ದರೂ, ಮದುವೆಗೆ ಬಂದ ಅಳಿಯನ ಭಯಂಕರ ರೂಪವನ್ನೂ ಅವನ ಹಿಂದಿದ್ದ ಭೂತಗಣವನ್ನೂ ಕಂಡು ಮೂರ್ಛೆ ಹೋದಳೆಂದು ಶಿವಪುರಾಣ ಹೇಳುತ್ತದೆ. ಎಚ್ಚೆತ್ತು ಅತ್ತಳು, ಮಗಳನ್ನು ಕೊಡುವುದಿಲ್ಲವೆಂದು ಹಟ ಹಿಡಿದಳು, ಕೊನೆಗೆ ಕೊಟ್ಟಳು. ತನ್ನ ಆಸೆಗಿಂತ ಮಗಳ ಆಯ್ಕೆ ದೊಡ್ಡದೆಂದು ಒಪ್ಪಿದ ಆ ಗಳಿಗೆಯನ್ನು ನಾನು ಈ ಹಬ್ಬದ ಬೇರೆಂದೇ ತಿಳಿದಿದ್ದೇನೆ, ಏಕೆಂದರೆ ಕೊಟ್ಟ ಮೇಲೆ ತಾಯಿಯ ಪಾಲಿಗೆ ಉಳಿಯುವುದು ವರ್ಷಕ್ಕೊಂದು ಸಲದ ದಾರಿ ನೋಡುವಿಕೆ, ಮತ್ತು ಬಂದವಳ ಮಡಿಲಿಗೆ ಏನನ್ನು ತುಂಬಲಿ ಎಂಬ ಸಡಗರ.

ಆ ಸಡಗರಕ್ಕೆ ನಮ್ಮ ಹಿರಿಯರು ಕೊಟ್ಟ ರೂಪವೇ ಮೊರದ ಬಾಗಿನ. ಹಬ್ಬಕ್ಕೆ ಮುನ್ನ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಬೆಂಗಳೂರಿನ ಗಾಂಧಿ ಬಜಾರಿನಲ್ಲೋ ಮೇದರು ಹೆಣೆದ ಬಿದಿರಿನ ಮೊರಗಳು ಜೋಡಿಯಾಗಿ ರಾಶಿ ಬೀಳುತ್ತವೆ. ತಂದ ಮೊರವನ್ನು ತೊಳೆದು ಒಣಗಿಸಿ, ಅರಿಶಿನ ಬಳಿದು, ಕುಂಕುಮವಿಟ್ಟು, ಒಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆ, ರವೆ, ಅಚ್ಚುಬೆಲ್ಲ, ತೆಂಗಿನಕಾಯಿ, ಹಣ್ಣು, ವೀಳ್ಯದೆಲೆ ಅಡಿಕೆಗಳನ್ನು ಒಪ್ಪವಾಗಿ ಜೋಡಿಸಿ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆಗಳೊಂದಿಗೆ ರವಿಕೆಕಣವನ್ನಿಟ್ಟು ಇನ್ನೊಂದು ಮೊರವನ್ನು ಮೇಲೆ ಮುಚ್ಚುತ್ತಾರೆ. ಈಗ ಅಂಗಡಿಯಲ್ಲಿ ಎಲ್ಲವನ್ನೂ ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಸಿದ್ಧವಾಗಿ ಕೊಡುತ್ತಾರೆ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಅದೊಂದು ದೊಡ್ಡ ಅನುಕೂಲ, ಅದನ್ನು ಹಳಿಯುವವರಲ್ಲಿ ನಾನಿಲ್ಲ. ಆದರೆ ಮಗಳಿಗೆಂದು ತಾಯಿ ತುಂಬುವ ಬಾಗಿನದಲ್ಲಿ ಬಳೆಯ ಅಳತೆ ತಪ್ಪುವುದಿಲ್ಲ. ಮಗಳು ಬಾಣಂತನದ ನಂತರ ಕೈತುಂಬಿಕೊಂಡಿದ್ದಾಳೆಂಬುದೂ, ಅವಳಿಗೆ ಕಡುಹಸಿರಿಗಿಂತ ಗಿಳಿಹಸಿರು ಇಷ್ಟವೆಂಬುದೂ, ಅವಳ ಅತ್ತೆಮನೆಯಲ್ಲಿ ಹೆಸರುಬೇಳೆ ಹೆಚ್ಚು ಖರ್ಚಾಗುತ್ತದೆಂಬುದೂ ಯಾರೂ ಹೇಳದೆ ಆಕೆಗೆ ತಿಳಿದಿರುತ್ತದೆ. ಬೆಳಗಿನಿಂದ ಏನೂ ತಿನ್ನದೆ, ಒಬ್ಬಟ್ಟಿನ ಹೂರಣ ರುಬ್ಬುತ್ತಲೇ ಈ ಜೋಡಣೆಯನ್ನೂ ಮಾಡುವವಳ ಮುಖದಲ್ಲಿ ಆಯಾಸದ ಜೊತೆಗೆ ಕಾಣುವ ಹುರುಪನ್ನು ಕರ್ತವ್ಯವೆಂಬ ಮಾತು ವಿವರಿಸಲಾರದು. ಪೂಜೆಯ ಫಲವೆಂದು ಆಕೆ ಬೇಡುವ ಆನಂದ ಪೂಜೆಗೆ ಕೂರುವ ಮೊದಲೇ, ಆ ಮೊರದ ಮುಂದೆಯೇ ಸಿಕ್ಕಿಬಿಟ್ಟಿರುತ್ತದೆ.

ಬರಲಾಗದ ಮಗಳಿಗೆ ಗೌರಿ ದುಡ್ಡು ಕಳುಹಿಸುವ ರೂಢಿಯೂ ಹಳೆಯದು. ಈಗ ಅದು ಮೊಬೈಲಿನಲ್ಲೇ ಹೋಗುತ್ತದೆ. ಮೊತ್ತ ಎಷ್ಟೇ ಇರಲಿ, ಆ ದಿನ ತಪ್ಪಬಾರದು ಎಂಬ ಕಳವಳ ಮಾತ್ರ ಹಾಗೆಯೇ ಇದೆ. ಕೃಷ್ಣರಾಜಸಾಗರದ ನೀರು 124.80 ಅಡಿ ಮುಟ್ಟಿ ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಬಂದು ಕಾವೇರಿಗೆ ಬಾಗಿನ ಅರ್ಪಿಸುವುದೂ ಇದೇ ಭಾವದ ವಿಸ್ತಾರವೆಂದು ನನಗೆ ತೋರುತ್ತದೆ: ಹೊಲಕ್ಕೂ ಕೊಡಕ್ಕೂ ನೀರುಣಿಸಿದ ತಾಯಿಗೆ ಒಮ್ಮೆಯಾದರೂ ನಾವು ಕೊಡಬೇಕಲ್ಲವೇ?

ಕೊಡುವವಳಿಗೆ ಮರಳಿ ಕೊಡುವ ಈ ಅಂಶವೇ ಬಾಗಿನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ತಾಯಿಯನ್ನು ತ್ಯಾಗಮಯಿ ಎಂದು ಹೊಗಳುವುದು ನಮಗೆ ಸುಲಭ, ಏಕೆಂದರೆ ಹೊಗಳಿ ಮುಗಿದ ಮೇಲೆ ಬಡಿಸಲು ಏಳಬೇಕಾದವರು ನಾವಲ್ಲ. ವ್ರತ ಅಷ್ಟಕ್ಕೆ ನಮ್ಮನ್ನು ಬಿಡುವುದಿಲ್ಲ. ಮದುವೆಯಾದ ಮಗಳು ಹೊಸದಾಗಿ ವ್ರತ ಹಿಡಿದಾಗ ದೇವಿಗೆ ಮೀಸಲಿಟ್ಟ ಬಾಗಿನದ ಜೊತೆಗೆ ತಾಯಿಗೂ ಅತ್ತೆಗೂ ಬಾಗಿನ ಕೊಟ್ಟು ಕಾಲಿಗೆ ನಮಸ್ಕರಿಸುವುದು ಅನೇಕ ಮನೆಗಳ ಪದ್ಧತಿ. ಮಗಳು ಸೆರಗನ್ನು ಮೊರಕ್ಕೆ ಹೊದಿಸಿ ಮುಂದೆ ಚಾಚಿದಾಗ, ಜೀವಮಾನವೆಲ್ಲ ಕೊಟ್ಟೇ ಅಭ್ಯಾಸವಾದ ತಾಯಿ ತಾನೂ ಸೆರಗೊಡ್ಡಿ ತೆಗೆದುಕೊಳ್ಳಲೇಬೇಕು. "ನನಗ್ಯಾಕಮ್ಮ ಇದೆಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಠಿಣ ಮಾತನ್ನೂ ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಬಾಗಿನ ಮುತ್ತೈದೆಯರಿಗೆ ಮಾತ್ರ ಎಂಬ ಕಟ್ಟಳೆಯಿಂದಾಗಿ, ಗಂಡನನ್ನು ಕಳೆದುಕೊಂಡ ತಾಯಂದಿರು ಎಷ್ಟೋ ಮನೆಗಳಲ್ಲಿ ಈ ದಿನ ಅಡುಗೆಮನೆಯ ಬಾಗಿಲ ಮರೆಯಲ್ಲೇ ಉಳಿದುಬಿಡುತ್ತಾರೆ. ನಮ್ಮ ಮನೆಯಲ್ಲೂ ತಂದೆಯವರು ತೀರಿಕೊಂಡ ಮೇಲೆ ಅಮ್ಮ ಮೊರವನ್ನು ತಾವೇ ಸಿದ್ಧಪಡಿಸಿ, ಬಳೆಯ ಬಣ್ಣ ಆರಿಸಿ, ಬೇಳೆಯಲ್ಲಿದ್ದ ಕಲ್ಲನ್ನು ಆಯ್ದು, ಕೊಡುವ ಹೊತ್ತಿಗೆ ಮಾತ್ರ ಅತ್ತಿಗೆಯ ಕೈಗಿತ್ತು ಹಿಂದೆ ಸರಿಯುತ್ತಿದ್ದರು. ಕೊಟ್ಟವಳೆಂಬ ಹೆಸರೂ ತನಗೆ ಬೇಡವೆಂದು ಕೊಡುವುದಕ್ಕಿಂತ ನಿಸ್ವಾರ್ಥವಾದ ದಾನವನ್ನು ನಾನು ಯಾವ ವ್ರತಕಥೆಯಲ್ಲೂ ಕೇಳಿಲ್ಲ. ಆದರೆ ಆ ಔದಾರ್ಯವನ್ನು ಕೊಂಡಾಡಿ ಕಟ್ಟಳೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಮಕ್ಕಳಿಗೆ ಶೋಭಿಸದು. ಮಗಳಾಗಿ ಬಂದ ಗೌರಿ ತನ್ನ ತಾಯಿಯ ಹಣೆಯನ್ನು ನೋಡಿ ಬಾಗಿನ ತೆಗೆದುಕೊಳ್ಳುವವಳಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಅತ್ತಿಗೆಯೂ ನಾನೂ ಮಾತಾಡಿಕೊಂಡು ಒಂದು ವರ್ಷ ಮೊದಲ ಬಾಗಿನವನ್ನು ಅಮ್ಮನ ಮುಂದೆ ಚಾಚಿದೆವು. ಅವರು ದೇವರ ಕಡೆ ನೋಡಿದರು, ಮಂಟಪದಲ್ಲಿದ್ದ ಗೌರಿಗೆ ಕೈಮುಗಿದು ನಿಧಾನವಾಗಿ ಸೆರಗೊಡ್ಡಿದರು. ಮೇಲಿನ ಮೊರವನ್ನು ಎತ್ತಿ ನೋಡಿದವರು, "ಇಷ್ಟು ಸಣ್ಣ ಅಚ್ಚುಬೆಲ್ಲ ಯಾರು ತಂದದ್ದು? ಮಗು ಮನೆಗೆ ಒಯ್ದು ಪಾಯಸ ಮಾಡಿಕೊಂಡರೆ ಇದು ಸಾಲುತ್ತದೆಯೇ?" ಎಂದು ಕೇಳಿ, ನನ್ನ ಮೊರಕ್ಕೆ ಹಾಕಲೆಂದು ಒಳಗಿನಿಂದ ಇನ್ನೆರಡು ಅಚ್ಚು ತರಲು ಎದ್ದೇಬಿಟ್ಟರು.